ಭೂಸಾರದ ಜಮಾ ಖರ್ಚು

ಭೂಮಿಯನ್ನುಳ್ಳ ಗೃಹಸ್ಥರು ಕಂದಾಯ, ಕೂಲಿ, ಬೀಜ, ದನಗಳ ಬೆಲೆ ಮುಂತಾದುವುಗಳಿಗೆ ಲೆಕ್ಕವಿಡುವುದುಂಟು. ಕಣದಿಂದ ಎಷ್ಟು ಮೂಟೆ ಧಾನ್ಯವು ಮನೆಗೆ ಬಂದಿತು, ಎಷ್ಟು ಮೂಟೆಯು ಸಂತೆಗೆ ಹೋಯಿತು ಎಂಬುದನ್ನೂ ಬರೆದಿಡುವರು. ಆದರೆ ಆ ಮೂಟೆಗಳ ಸಂಗಡ ಹೊಲದ ಮಣ್ಣಿನಿಂದ ಏನು ಹೊರಟುಹೋಯಿತು, ಹೋದುದರಲ್ಲಿ ಎಷ್ಟು ಭಾಗವು ಹಿಂದಿರುಗಿತು ಎಂಬ ಲೆಕ್ಕವನ್ನಿಡುವವರು ವಿರಳ. ಈ ಲೆಕ್ಕವು ಯಾರ ಪುಸ್ತಕದಲ್ಲಿಯೂ ಇಲ್ಲದಿದ್ದರೂ ಭೂಮಿಯು ಅದನ್ನು ತಪ್ಪದೆ ಇಟ್ಟುಕೊಂಡಿರುತ್ತದೆ. ಬಾಕಿಯು ಬೆಳೆದಂತೆಲ್ಲ ಇಳುವರಿಯು ತಗ್ಗುವುದು, ಪೈರು ಹಳದಿಗೊಳ್ಳುವುದು, ಒಂದು ವಾರ ಮಳೆಯು ತಡವಾದರೂ ತೆನೆಯು ಜೊಳ್ಳಾಗುವುದು. ಆಗ ದೋಷವನ್ನು ಬೀಜದ ಮೇಲೆಯೋ ಮಳೆಯ ಮೇಲೆಯೋ ಹೊರಿಸುವುದು ವಾಡಿಕೆಯಾಗಿದೆ.

ಪೈರಿನ ದೇಹವು ಯಾವುದರಿಂದ ಆಗಿದೆ ಎಂಬುದನ್ನು ಮೊದಲು ತಿಳಿಯಬೇಕು. ಬ್ರಸೆಲ್ಸ್ ಪಟ್ಟಣದ ವಾನ್ ಹೆಲ್ಮಾಂಟ್ ಎಂಬ ವೈದ್ಯನು ಒಂದು ದೊಡ್ಡ ಕುಂಡದಲ್ಲಿ 200 ಪೌಂಡು ಒಣಮಣ್ಣನ್ನು ತೂಗಿ ತುಂಬಿ, 5 ಪೌಂಡು ತೂಕದ ವಿಲ್ಲೋ ಗಿಡವನ್ನು ನೆಟ್ಟು, ನೀರನ್ನು ಮಾತ್ರ ಎರೆಯುತ್ತ ಬಂದನು. ಐದು ವರ್ಷಗಳ ತರುವಾಯ ಮರವು 169 ಪೌಂಡಿಗೂ ಮೇಲೆ ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದಾಗ ಅದರಲ್ಲಿ ಸುಮಾರು 2 ಔನ್ಸು ಮಾತ್ರ ಕಡಮೆಯಾಗಿದ್ದಿತು. ಮರವೆಲ್ಲವೂ ನೀರಿನಿಂದಲೇ ಆಯಿತೆಂದು ಆತನು ಭಾವಿಸಿದನು. ಈ ಪ್ರಯೋಗದ ವಿವರವು ಆತನ ಮರಣಾನಂತರ 1648ರಲ್ಲಿ ಪ್ರಕಟವಾಯಿತು. ಗಿಡವು ಗಾಳಿಯಲ್ಲಿರುವ ಇಂಗಾಲಾಮ್ಲವಾಯುವನ್ನು ಎಲೆಗಳ ಮೂಲಕ ಹೀರಿ, ಅದನ್ನೂ ನೀರನ್ನೂ ಸೇರಿಸಿ ತನ್ನ ಒಡಲನ್ನು ಕಟ್ಟಿಕೊಳ್ಳುವುದೆಂಬುದನ್ನು ಜಿನೀವಾ ನಗರದ ಸೋಸೂರನು 1804ರಲ್ಲಿ ತೂಕದಿಂದ ತೋರಿಸಿದನು. ಒಣಗಿದ ಪೈರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಗಾಳಿಯಿಂದಲೂ ನೀರಿನಿಂದಲೂ ಬಂದುದೇ ಆಗಿರುತ್ತದೆ.

ಹಾಗಾದರೆ ವಾನ್ ಹೆಲ್ಮಾಂಟನು ಲಕ್ಷಿಸದೆ ಬಿಟ್ಟ ಆ 2 ಔನ್ಸಿನ ಗತಿಯೇನು? ರೈತನ ಆಸ್ತಿಯೆಲ್ಲ ಆ ಎರಡು ಔನ್ಸಿನಲ್ಲಿಯೇ ಇದೆ. ಸಾರಜನಕ, ರಂಜಕ, ಪೊಟ್ಯಾಷು, ಸುಣ್ಣ, ಗಂಧಕ ಮುಂತಾದ ಸಾರಗಳು ಅದರಲ್ಲಿ ಅಡಗಿವೆ. ಇವುಗಳಲ್ಲಿ ಒಂದು ಕೊರತೆಯಾದರೂ ಉಳಿದೆಲ್ಲವೂ ಸಮೃದ್ಧಿಯಾಗಿದ್ದು ಪ್ರಯೋಜನವಿಲ್ಲ.

ಇಲ್ಲಿ ಎರಡು ವಿಷಯಗಳನ್ನು ಬೇರೆಬೇರೆಯಾಗಿ ಗ್ರಹಿಸತಕ್ಕದ್ದು. ಒಂದು ಶಕ್ತಿ, ಮತ್ತೊಂದು ಪದಾರ್ಥ. ಶಕ್ತಿಯು ಸೂರ್ಯನಿಂದ ಬರುತ್ತದೆ. ಕೋಡಿಯಲ್ಲಿ ಹರಿದ ನೀರಿನಂತೆ ಮುಂದಕ್ಕೆ ಹೋಗುವುದೇ ಹೊರತು ಹಿಂದಿರುಗುವುದಿಲ್ಲ. ಎತ್ತು ಉತ್ತ ಶ್ರಮ, ಒಲೆಯಲ್ಲಿ ಉರಿದ ಕಾವು, ಮನುಷ್ಯನ ಮೈಯ ಬಿಸಿ, ಎಲ್ಲವೂ ಕಡೆಗೆ ಬರಿಯ ಶಾಖವಾಗಿ ಆಕಾಶಕ್ಕೆ ಸೇರುವುವು. ಆದರೆ ಸೂರ್ಯನು ಮರುದಿನ ಮತ್ತೆ ಹುಟ್ಟುವುದರಿಂದ ಈ ಖರ್ಚಿಗೆ ಚಿಂತೆಯಿಲ್ಲ. ಪದಾರ್ಥವು ಹಾಗಲ್ಲ. ಅದು ಕಪಿಲೆಯ ಬಾನಿಯಂತೆ ಮೇಲಕ್ಕೆ ಬಂದು ಮತ್ತೆ ಕೆಳಗಿಳಿಯತಕ್ಕದ್ದು. ಹಗ್ಗವು ಎಲ್ಲಿಯಾದರೂ ಕಡಿದರೆ ಬಾನಿಯು ಹಿಂದಕ್ಕೆ ಬಾರದು. ಹೊಲಕ್ಕೆ ಹೊಸ ರಂಜಕವನ್ನು ಯಾವ ಸೂರ್ಯನೂ ತಂದುಕೊಡುವುದಿಲ್ಲ.

ಶಕ್ತಿಯು ಎಷ್ಟು ಬೇಗ ಕ್ಷಯಿಸುವುದೆಂಬುದನ್ನು ಊರ ಮುಂದಿನ ಕೆರೆಯಲ್ಲಿ ನೋಡಬಹುದು. ಬಿಸಿಲಿನ ನೂರರಲ್ಲಿ ಒಂದು ಪಾಲನ್ನೂ ಪಾಚಿಯು ಪೂರ್ತಿಯಾಗಿ ಹಿಡಿಯಲಾರದು. ಪಾಚಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳು ತಿನ್ನುವುವು. ಅವುಗಳನ್ನು ಸಣ್ಣ ಮೀನೂ, ಸಣ್ಣ ಮೀನನ್ನು ದೊಡ್ಡ ಮೀನೂ, ಅದನ್ನು ನೀರುಕಾಗೆ, ಕೊಕ್ಕರೆಗಳೂ ತಿನ್ನುವುವು. ಒಂದೊಂದು ಮೆಟ್ಟಿಲಿನಲ್ಲಿಯೂ ತಿಂದುದರ ಬಹುಭಾಗವು ಉಸಿರಾಟ, ಓಡಾಟ, ಮಲ ಇವುಗಳಲ್ಲಿ ಕಳೆದು, ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಮೇಲಿನ ಮೆಟ್ಟಿಲಿಗೆ ಸಿಕ್ಕುತ್ತದೆ. ಹತ್ತರಲ್ಲೊಂದು ಎಂಬುದು ಎಲ್ಲೆಡೆಯೂ ಕರಾರುವಾಕ್ಕಾದ ಪ್ರಮಾಣವಲ್ಲ. ಕೆಲವೆಡೆ ಹೆಚ್ಚು, ಕೆಲವೆಡೆ ಕಡಮೆ. ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಒಂದು ಪುಟ್ಟ ಸರೋವರದಲ್ಲಿ ಇಂಥ ಲೆಕ್ಕವನ್ನು ಕ್ರಮವಾಗಿ ಮಾಡಿದವನು ರೇಮಂಡ್ ಲಿಂಡೆಮನ್ ಎಂಬ ತರುಣ ವಿಜ್ಞಾನಿ. ಆತನ ಲೇಖನವು 1942ರಲ್ಲಿ ಅಚ್ಚಾಗುವುದಕ್ಕೆ ಮೊದಲೇ ಆತನು ತೀರಿಕೊಂಡನು. ಸಾವಿರ ಕಿಲೋ ಹುಲ್ಲಿಗೆ ಸಾವಿರ ಕಿಲೋ ಮಾಂಸವಾಗಲಿ ಹಾಲಾಗಲಿ ಏಕೆ ಬಾರದು, ಹುಲಿಗಳು ಜಿಂಕೆಗಳಷ್ಟು ಏಕಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರವು ಇದರಲ್ಲಿಯೇ ದೊರೆಯುತ್ತದೆ.

ಆದರೆ ಅದೇ ಕೆರೆಯಲ್ಲಿ ಪದಾರ್ಥದ ದಾರಿಯು ಬೇರೆಯಾಗಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಿಸೆ ಮರಗಳ ಮೇಲೆಯೇ ಗೂಡುಕಟ್ಟುವುವು. ಅವು ಸುತ್ತಣ ಕೆರೆಗಳಲ್ಲಿ ಮೀನು ತಿಂದು ಬಂದು ಮರದ ಕೆಳಗೆ ಹಿಕ್ಕೆ ಹಾಕುವುವು. ಊರಿನವರು ಮರದಡಿಯಲ್ಲಿ ಗುಂಡಿ ತೋಡಿ ಆ ಹಿಕ್ಕೆಯನ್ನು ಶೇಖರಿಸಿ ಹೊಲಕ್ಕೆ ಹಾಕುತ್ತ ಬಂದಿದ್ದಾರೆ. ಮೀನಿನ ಶಕ್ತಿಯು ಹಕ್ಕಿಯ ಹಾರಾಟದಲ್ಲಿ ಮುಗಿದುಹೋಯಿತು. ಮೀನಿನಲ್ಲಿದ್ದ ಸಾರಜನಕವೂ ರಂಜಕವೂ ಹೊಲಕ್ಕೆ ಬಂದುವು. ಕೆರೆಗೆ ಕೊಚ್ಚಿಹೋದ ಸಾರವನ್ನು ಕೂಲಿಯಿಲ್ಲದೆ ದಡಕ್ಕೆ ಹೊತ್ತುತರುವ ಇಂಥ ಆಳುಗಳು ಎಲ್ಲ ಊರಿಗೂ ದೊರೆಯವು.

ಇನ್ನು ಹೊಲದ ಲೆಕ್ಕಕ್ಕೆ ಬರಬಹುದು. ಹತ್ತು ಕ್ವಿಂಟಲ್ ರಾಗಿಯು ಊರಿನಿಂದ ಪಟ್ಟಣಕ್ಕೆ ಹೋದರೆ ಅದರೊಡನೆ ಸುಮಾರು 12 ಕಿಲೋ ಸಾರಜನಕ, 3 ಕಿಲೋಗೆ ಸಮೀಪವಾದ ರಂಜಕ, 4 ಕಿಲೋ ಪೊಟ್ಯಾಸಿಯಂ, 3½ ಕಿಲೋದಷ್ಟು ಸುಣ್ಣದ ಧಾತು ಇಷ್ಟೂ ಹೋಗುತ್ತವೆ. ರಾಗಿಯನ್ನು ಊರಲ್ಲಿಯೇ ಉಂಡು, ಹುಲ್ಲನ್ನು ಊರ ದನಗಳೇ ಮೇಯ್ದು, ಎಲ್ಲ ಕಸವೂ ತಿಪ್ಪೆಗೆ ಬೀಳುತ್ತಿದ್ದ ಕಾಲದಲ್ಲಿ ಈ ಸಾರವು ಬಹುಮಟ್ಟಿಗೆ ಊರ ಎಲ್ಲೆಯೊಳಗೇ ತಿರುಗುತ್ತಿತ್ತು. ಪಟ್ಟಣಕ್ಕೆ ಹೋದ ಸಾರವಾದರೋ ಅಲ್ಲಿನ ಚರಂಡಿಯ ಮೂಲಕ ಹೊಳೆಗೆ ಸೇರುವುದೇ ಹೊರತು ಹುಟ್ಟಿದ ಹೊಲಕ್ಕೆ ಬಾರದು.

ಎಲ್ಲ ಮಾರಾಟವೂ ಭೂಮಿಗೆ ಒಂದೇ ರೀತಿಯ ನಷ್ಟವನ್ನುಂಟುಮಾಡುವುದಿಲ್ಲ ಎಂಬುದು ಭೂಮಾಲಿಕರು ವಿಶೇಷವಾಗಿ ಗಮನಿಸತಕ್ಕ ಸಂಗತಿ. ತುಪ್ಪ, ಎಣ್ಣೆ, ಸಕ್ಕರೆ ಈ ಮೂರೂ ಇಂಗಾಲ, ಜಲಜನಕ, ಆಮ್ಲಜನಕಗಳಿಂದಲೇ ಆದುವುಗಳು. ಇವುಗಳನ್ನು ಮಾರಿದವನು ಗಾಳಿ, ನೀರು, ಬಿಸಿಲು ಇವನ್ನು ಮಾರಿದಂತಲ್ಲದೆ ಮಣ್ಣನ್ನು ಮಾರಿದಂತಾಗಲಿಲ್ಲ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶವಿರುವುದಾದರೂ ಅದು ಅಲ್ಪ. ಕಡಲೆಕಾಯಿಯನ್ನು ಬೀಜವಾಗಿಯೇ ಮಾರಿದರೆ ಭೂಮಿಯ ಸಾರವೂ ಗಾಡಿಯೇರುವುದು. ಗಾಣದಲ್ಲಿ ಆಡಿಸಿ ಎಣ್ಣೆಯನ್ನು ಮಾರಿ ಹಿಂಡಿಯನ್ನು ಮನೆಯಲ್ಲಿಯೇ ಉಳಿಸಿಕೊಂಡರೆ ಸಾರವೆಲ್ಲ ಉಳಿದಂತಾಯಿತು. ಕಡಲೆಕಾಯಿ ಹಿಂಡಿಯ ನೂರು ಕಿಲೋದಲ್ಲಿ ಸುಮಾರು 7 ಕಿಲೋ ಸಾರಜನಕವಿರುವುದು. ಅದನ್ನು ನೇರವಾಗಿ ಮಣ್ಣಿಗೆ ಹಾಕುವುದಕ್ಕಿಂತ ಕರೆಯುವ ಹಸುವಿಗೆ ತಿನ್ನಿಸಿ, ಹಾಲನ್ನು ಲಾಭವಾಗಿಟ್ಟುಕೊಂಡು, ಸಗಣಿ ಗಂಜಲಗಳನ್ನು ಹೊಲಕ್ಕೆ ಕೊಡುವುದು ಮೇಲು. ಹೊಂಗೆ, ಬೇವು, ಹರಳು ಇವುಗಳ ಹಿಂಡಿಯು ದನಕ್ಕೆ ತಿನ್ನಿಸತಕ್ಕದ್ದಲ್ಲವಾದುದರಿಂದ ಅವು ನೇರವಾಗಿ ಗೊಬ್ಬರಕ್ಕೆ ಸಲ್ಲುವುವು. ಹುಲ್ಲನ್ನು ಮಾರುವುದು ಎಲ್ಲಕ್ಕಿಂತ ಕೆಟ್ಟ ವ್ಯಾಪಾರವೆನ್ನಬಹುದು: ಪೈರು ಮಣ್ಣಿನಿಂದ ತೆಗೆದುಕೊಂಡ ಪೊಟ್ಯಾಷಿನ ಬಹುಭಾಗವು ಕಾಳಿನಲ್ಲಿರದೆ ಹುಲ್ಲಿನಲ್ಲಿರುವುದು. ಒಂದು ಟನ್ನು ಭತ್ತದ ಹುಲ್ಲಿನಲ್ಲಿ ಸುಮಾರು 15 ಕಿಲೋ ಪೊಟ್ಯಾಸಿಯಂ ಇರುತ್ತದೆ. ದೊರೆಯುವ ಬೆಲೆಯಾದರೋ ಅತ್ಯಲ್ಪ.

ಗದ್ದೆಯಲ್ಲಿಯೇ ಹುಲ್ಲಿಗೂ ಕಬ್ಬಿನ ತರಗಿಗೂ ಬೆಂಕಿ ಹಚ್ಚುವ ರೂಢಿಯು ಮಾರುವುದಕ್ಕಿಂತಲೂ ಹೀನವೆಂದು ಕೆಲವರ ಅಭಿಪ್ರಾಯ. ಬೂದಿಯಲ್ಲಿ ಪೊಟ್ಯಾಷು ಉಳಿಯುವುದು ನಿಜ. ಸಾರಜನಕವು ಮಾತ್ರ ಹೆಚ್ಚುಕಡಮೆ ಪೂರ್ತಿಯಾಗಿ ಹೊಗೆಯಾಗಿ ಹೋಗುವುದು, ಗಂಧಕವೂ ಬಹುಮಟ್ಟಿಗೆ ಹೋಗುವುದು, ಮಣ್ಣಿನ ಜೀವಿಗಳಿಗೆ ಆಹಾರವಾಗಬೇಕಾದ ಒಡಲೇ ಇಲ್ಲವಾಗುವುದು.

ಕೊಟ್ಟಿಗೆಯಲ್ಲಿ ನಡೆಯುವ ನಷ್ಟವು ಕಣ್ಣಿಗೆ ಕಾಣದ್ದು. ಆದುದರಿಂದಲೇ ಹೆಚ್ಚು ಅಪಾಯಕರವಾದುದು. ದನವು ತಿಂದ ಮೇವಿನಲ್ಲಿದ್ದ ಸಾರಜನಕದ ಮುಕ್ಕಾಲು ಪಾಲೋ ಅದಕ್ಕಿಂತ ಹೆಚ್ಚೋ ಮತ್ತೆ ಹೊರಗೆ ಬರುತ್ತದೆ. ಹೀಗೆ ಬಂದುದರಲ್ಲಿ ಸುಮಾರು ಅರ್ಧವು ಸಗಣಿಯಲ್ಲಿಯೂ ಉಳಿದರ್ಧವು ಗಂಜಲದಲ್ಲಿಯೂ ಇರುವುದು. ರಂಜಕವು ಸಗಣಿಯಲ್ಲಿ ಸೇರಿದರೆ, ಪೊಟ್ಯಾಷಿನ ಹೆಚ್ಚಿನ ಪಾಲು ಗಂಜಲದಲ್ಲಿ ಸೇರಿರುವುದು. ಆದರೂ ಸಗಣಿಯನ್ನು ಬಾಚಿ ಜೋಪಾನಮಾಡುವ ಗೃಹಸ್ಥನೇ ಗಂಜಲವನ್ನು ಮೋರಿಗೆ ಹರಿಯಬಿಡುವನು. ಕೊಟ್ಟಿಗೆಯ ನೆಲಕ್ಕೆ ಒಣಮಣ್ಣನ್ನೋ ಹೊಟ್ಟು, ತರಗೆಲೆಗಳನ್ನೋ ನಾಲ್ಕು ಬೆರಳು ದಪ್ಪ ಹರಡಿ, ನೆನೆದ ಮೇಲೆ ತೆಗೆದು ಗುಂಡಿಗೆ ಹಾಕಿ ಹೊಸದನ್ನು ಹರಡಿದರೆ ಅರ್ಧ ಗೊಬ್ಬರವು ಖರ್ಚಿಲ್ಲದೆ ಉಳಿಯುತ್ತದೆ. ಇದಕ್ಕೆ ಯಂತ್ರವೂ ಬೇಡ, ಸಾಲವೂ ಬೇಡ.

ತಿಪ್ಪೆಯನ್ನು ಬಯಲಿನಲ್ಲಿ ಗುಡ್ಡೆಯಾಗಿ ಬಿಡುವುದರಿಂದ ಬಿಸಿಲು ಸಾರಜನಕವನ್ನು ನವಸಾಗರದ ವಾಸನೆಯ ವಾಯುವಾಗಿ ಹಾರಿಸುವುದು. ಮಳೆಯು ಪೊಟ್ಯಾಷನ್ನು ಕರಗಿಸಿ ಬೀದಿಗೆ ಹರಿಸುವುದು. ತಿಪ್ಪೆಯ ಬುಡದಲ್ಲಿ ಕಂದುಬಣ್ಣದ ನೀರು ಹರಿಯುತ್ತಿದ್ದರೆ ಅದು ಹಣವೇ ಹರಿಯುತ್ತಿರುವುದೆಂದು ತಿಳಿಯಬೇಕು. ಗುಂಡಿಯಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣಿನಿಂದ ಮೆತ್ತಿ, ನೆರಳು ಮಾಡಿದರೆ ಎರಡು ನಷ್ಟಗಳೂ ತಗ್ಗುತ್ತವೆ. ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡರು ಕಸಕಡ್ಡಿ, ಸಗಣಿ, ಗಂಜಲದ ಮಣ್ಣು, ಬೂದಿ ಇವುಗಳಿಂದ ಗೊಬ್ಬರಮಾಡುವ ಕ್ರಮವನ್ನು ಏರ್ಪಡಿಸಿ 1931ರಲ್ಲಿ ಪ್ರಕಟಿಸಿದರು. ಅದರ ತಿರುಳು ಇಷ್ಟೆ: ಕೊಳೆಯಿಸುವ ಸೂಕ್ಷ್ಮ ಜೀವಿಗಳಿಗೂ ಆಹಾರ, ಗಾಳಿ, ತೇವಗಳು ಬೇಕು. ಬರಿಯ ಒಣಕಡ್ಡಿಯನ್ನು ಹಾಕಿದರೆ ಅವು ಸಾರಜನಕವಿಲ್ಲದೆ ಸೊರಗುವುವು. ಅಂಥ ಹಸಿ ಕಸವನ್ನು ಹಾಗೆಯೇ ಹೊಲಕ್ಕೆ ಹಾಕಿದರೆ ಅವು ಮಣ್ಣಿನ ಸಾರಜನಕವನ್ನೇ ಕಿತ್ತುಕೊಂಡು ಕೆಲವು ಕಾಲ ಪೈರನ್ನು ಹಸಿವಿನಿಂದ ಕೆಡಹುವುವು.

ಬೆರಣಿಯ ವಿಷಯವು ಬಹುಕಾಲದಿಂದ ಚರ್ಚೆಯಲ್ಲಿದೆ. 1889ರಲ್ಲಿ ಇಂಡಿಯಾ ದೇಶಕ್ಕೆ ಬಂದು ವ್ಯವಸಾಯವನ್ನು ಪರಿಶೀಲಿಸಿದ ಡಾಕ್ಟರ್ ವೋಲ್ಕರರು 1893ರ ತಮ್ಮ ವರದಿಯಲ್ಲಿ, ರೈತನು ಸಗಣಿಯನ್ನು ಸುಡುವುದು ಅಜ್ಞಾನದಿಂದಲ್ಲ, ಸೌದೆಯ ಅಭಾವದಿಂದ ಎಂಬುದನ್ನು ಸ್ಪಷ್ಟಪಡಿಸಿ, ಊರುಗಳ ಸಮೀಪದಲ್ಲಿ ಸೌದೆ ಮೇವುಗಳ ಮೀಸಲು ಕಾಡುಗಳನ್ನು ಬೆಳಸಬೇಕೆಂದು ಸೂಚಿಸಿದರು. ಅದು ನ್ಯಾಯವಾದ ಮಾತು. ಒಂದು ದನವು ದಿನಕ್ಕೆ ಸುಮಾರು 10 ಕಿಲೋ ಹಸಿಸಗಣಿಯನ್ನು ಕೊಡುವುದೆಂದಿಟ್ಟರೆ, ಅದರಲ್ಲಿ 2 ಕಿಲೋದಷ್ಟು ಒಣಪದಾರ್ಥವಿರುತ್ತದೆ. ವರ್ಷಕ್ಕೆ ಅದರಲ್ಲಿರುವ ಸಾರಜನಕವು 10 ಕಿಲೋ ಮೀರುತ್ತದೆ. ಹತ್ತು ಕ್ವಿಂಟಲ್ ರಾಗಿಯೊಡನೆ ಹೊರಟುಹೋದ ಸಾರಜನಕಕ್ಕೆ ಇದು ಹೆಚ್ಚುಕಡಮೆ ಸಮ. ಬೆರಣಿಯಾಗಿ ಸುಟ್ಟರೆ ಇದಿಷ್ಟೂ ಹೊಗೆಯಾಗುವುದು. ಅಷ್ಟಾದರೂ ಹಳೆಯ ಮಾದರಿಯ ಒಲೆಯಲ್ಲಿ ಬೆಂಕಿಯ ಕಾವಿನ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ತಗಲುವುದು. ಅಡಿಗೆಯ ಅನಿಲವು ಹಳ್ಳಿಗಳಿಗೂ ಬಂದಿರುವ ಈ ದಿನಗಳಲ್ಲಿಯೂ ಸ್ನಾನದ ನೀರು ಕಾಯಿಸುವುದಕ್ಕೂ ದನದ ಹುರುಳಿ ಬೇಯಿಸುವುದಕ್ಕೂ ಬೆರಣಿಯನ್ನು ಉರಿಸುವ ಮನೆಗಳಿವೆ.

ಶಕ್ತಿಯೂ ಪದಾರ್ಥವೂ ಬೇರೆಬೇರೆ ಎಂಬ ತತ್ವದ ಉಪಯೋಗವು ಇಲ್ಲಿ ಚೆನ್ನಾಗಿ ಕಾಣುತ್ತದೆ. ಅಡಿಗೆಗೆ ಬೇಕಾದುದು ಸಗಣಿಯ ಶಕ್ತಿ; ಹೊಲಕ್ಕೆ ಬೇಕಾದುದು ಅದರ ಸಾರ. ಗಾಳಿಯಾಡದ ತೊಟ್ಟಿಯಲ್ಲಿ ಸಗಣಿಯನ್ನು ನೀರಿನೊಡನೆ ಕದಡಿ ಬಿಟ್ಟರೆ ಸೂಕ್ಷ್ಮ ಜೀವಿಗಳು ಅದರಲ್ಲಿಯ ಇಂಗಾಲದ ಒಂದು ಭಾಗವನ್ನು ಉರಿಯುವ ವಾಯುವಾಗಿ ಬಿಡುತ್ತವೆ. ಈ ಗೋಬರ್ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚಾಗಿ ಮೀಥೇನ್ ಎಂಬ ವಾಯುವೂ, ಉಳಿದುದು ಬಹುತೇಕ ಇಂಗಾಲಾಮ್ಲವಾಯುವೂ ಇರುವುವು. ಸಾರಜನಕ, ರಂಜಕ, ಪೊಟ್ಯಾಷುಗಳಿಗೆ ವಾಯುವಿನೊಡನೆ ಹೋಗುವ ದಾರಿಯಿಲ್ಲ. ಅವು ಬಗ್ಗಡದಲ್ಲಿಯೇ ಉಳಿದು ಹೊರಗೆ ಬರುತ್ತವೆ. ಹೀಗೆ ಒಂದೇ ಸಗಣಿಯಿಂದ ಒಲೆಯೂ ಉರಿಯಿತು, ಹೊಲಕ್ಕೂ ಗೊಬ್ಬರವಾಯಿತು. ಜಶಭಾಯಿ ಪಟೇಲರು 1951ರಲ್ಲಿ ತೇಲುವ ಉಕ್ಕಿನ ಮುಚ್ಚಳದ ಮಾದರಿಯನ್ನು ರಚಿಸಿದ ಮೇಲೆ ಇದು ಹಳ್ಳಿಗಳಿಗೆ ಹರಡಿತು. ಮುಂದೆ ಮುಚ್ಚಳವಿಲ್ಲದ ಗುಮ್ಮಟದ ಮಾದರಿಗಳೂ ಬಂದುವು. ಸುಮಾರು 25 ಕಿಲೋ ಹಸಿಸಗಣಿಗೆ ಒಂದು ಘನ ಮೀಟರು ಅನಿಲವು ದೊರೆಯುವುದು. ಐದು ದನಗಳಿರುವ ಮನೆಯಲ್ಲಿ ಒಂದು ಸಂಸಾರದ ಅಡಿಗೆಗೆ ಅಡ್ಡಿಯಿಲ್ಲ.

ಆದರೆ ಬಗ್ಗಡವನ್ನು ಬಿಸಿಲಿನಲ್ಲಿ ಒಣಗಿಸುವವರು ಗೆದ್ದುದನ್ನು ಮತ್ತೆ ಸೋಲುವರು. ಅದರಲ್ಲಿಯ ಸಾರಜನಕದ ಗಣನೀಯ ಭಾಗವು ಬೇಗ ಹಾರಿಹೋಗುವ ರೂಪದಲ್ಲಿರುವುದರಿಂದ, ಅದನ್ನು ಹಸಿಯಾಗಿಯೇ ನೀರಾವರಿಯ ಕಾಲುವೆಗೆ ಬಿಡಬೇಕು, ಇಲ್ಲವೆ ಗುಂಡಿಯಲ್ಲಿ ಒಣಎಲೆ ಕಡ್ಡಿಗಳ ಪದರಗಳ ಮೇಲೆ ಸುರಿದು ಮಣ್ಣು ಮುಚ್ಚಬೇಕು.

ಇಷ್ಟೆಲ್ಲಕ್ಕೂ ದನಗಳಿರಬೇಕಷ್ಟೆ. ಉಳುಮೆಗೆ ಟ್ರ್ಯಾಕ್ಟರು ಬಂದಂದಿನಿಂದ ಎತ್ತಿನ ಜೋಡಿಗಳು ವರ್ಷವರ್ಷಕ್ಕೂ ಕಡಮೆಯಾಗುತ್ತಿವೆ. ಟ್ರ್ಯಾಕ್ಟರು ಹುಲ್ಲು ಬೇಡುವುದಿಲ್ಲ, ಸಗಣಿಯನ್ನೂ ಕೊಡುವುದಿಲ್ಲ. ಕೋಟ್ಯಂತರ ವರ್ಷಗಳ ಹಿಂದೆ ನೆಲದೊಳಗೆ ಹೂತುಹೋದ ಬಿಸಿಲೇ ಅದರ ಎಣ್ಣೆ. ಅದು ಹೊಲಕ್ಕೆ ಶಕ್ತಿಯನ್ನು ತಂದಿತು, ಪದಾರ್ಥವನ್ನು ತರಲಿಲ್ಲ.

ಸಾರಜನಕವೊಂದಕ್ಕೆ ಮಾತ್ರ ಆಕಾಶದಲ್ಲಿ ಉಗ್ರಾಣವುಂಟು. ಒಂದೊಂದು ಎಕರೆಯ ಮೇಲಣ ಗಾಳಿಯಲ್ಲಿಯೂ ಸುಮಾರು 30 ಸಾವಿರ ಟನ್ನು ಸಾರಜನಕವಿದ್ದರೂ ರಾಗಿ, ಭತ್ತಗಳು ಅದರಲ್ಲಿ ಒಂದು ಗುಂಜಿಯನ್ನೂ ಮುಟ್ಟಲಾರವು. ಅವರೆ, ತೊಗರಿ, ಹುರುಳಿ, ಅಪ್ಸೆಣಬುಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮ ಜೀವಿಗಳು ಗಿಡವು ಕೊಡುವ ಸಕ್ಕರೆಯನ್ನು ಉಂಡು, ಆ ಶಕ್ತಿಯಿಂದ ಗಾಳಿಯ ಸಾರಜನಕವನ್ನು ಹಿಡಿದುಕೊಡುವುವು. ಇದನ್ನು ಜರ್ಮನಿಯ ಹೆಲ್ರೀಗೆಲನು 1886ರಲ್ಲಿ ಪ್ರಕಟಪಡಿಸಿದನು. ರಾಗಿಯ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದ ರೈತನು ಕಾರಣವನ್ನರಿಯದೆಯೇ ಫಲವನ್ನು ಅನುಭವಿಸುತ್ತಿದ್ದನು. ಇಲ್ಲಿಯೂ ಒಂದು ಎಚ್ಚರಿಕೆಯುಂಟು. ಕಾಳಿನಲ್ಲಿಯೇ ಹೆಚ್ಚು ಸಾರಜನಕವು ಸೇರುವುದರಿಂದ, ಕಾಯಿಯನ್ನು ಮಾರಿ ಬಳ್ಳಿಯನ್ನು ಬೇರುಸಹಿತ ಕಿತ್ತೊಯ್ದರೆ ಮಣ್ಣಿಗೆ ಉಳಿಯುವುದು ಅತ್ಯಲ್ಪ. ಯೂರಿಯಾ ಗೊಬ್ಬರವು ಇದೇ ಸಾರಜನಕವನ್ನು ಕಾರ್ಖಾನೆಯ ಶಾಖ ಒತ್ತಡಗಳಿಂದ ಕಟ್ಟಿದ್ದು. ನೂರು ಕಿಲೋದಲ್ಲಿ 46 ಕಿಲೋ ಸಾರಜನಕವಿದ್ದು, ಬೇರೆ ಯಾವ ಸಾರವೂ ಇಲ್ಲ. ಅದೊಂದನ್ನೇ ಸುರಿದಾಗ ಪೈರು ಹುರುಪಿನಿಂದ ಎದ್ದು, ಮಣ್ಣಿನಲ್ಲಿ ಉಳಿದಿದ್ದ ರಂಜಕ ಪೊಟ್ಯಾಷುಗಳನ್ನು ಮೊದಲಿಗಿಂತ ಬೇಗ ಬರಿದುಮಾಡುವುದು. ನಮ್ಮ ದೇಶಕ್ಕೆ ಬೇಕಾದ ಪೊಟ್ಯಾಷ್ ಗೊಬ್ಬರವೆಲ್ಲವೂ ಪರದೇಶಗಳಿಂದಲೇ ಬರತಕ್ಕದ್ದಾಗಿರುವಾಗ, ಹುಲ್ಲಿನಲ್ಲಿಯೂ ಗಂಜಲದಲ್ಲಿಯೂ ಇರುವ ಪೊಟ್ಯಾಷನ್ನು ಚೆಲ್ಲುವುದು ವಿವೇಕವಲ್ಲ.

ಗೊಬ್ಬರವನ್ನೇ ಕಾಣದ ಭೂಮಿಯ ಗತಿಯೇನೆಂಬುದಕ್ಕೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕ್ಷೇತ್ರದಲ್ಲಿ ಸಾಕ್ಷಿಯಿದೆ. 1843ರಿಂದ ಇಂದಿನವರೆಗೂ ಅಲ್ಲಿನ ಒಂದು ಪಟ್ಟೆಗೆ ಗೊಬ್ಬರವಿಲ್ಲದೆ ಗೋಧಿಯನ್ನು ಬಿತ್ತುತ್ತ ಬಂದಿದ್ದಾರೆ. ಅದು ಬಂಜೆಯಾಗಿಲ್ಲ, ಹೆಕ್ಟೇರಿಗೆ ಸುಮಾರು ಒಂದು ಟನ್ನಿನ ಮಟ್ಟಕ್ಕೆ ಇಳಿದು ಅಲ್ಲಿಯೇ ನಿಂತಿದೆ. ಪಕ್ಕದಲ್ಲಿ ಗೊಬ್ಬರವುಂಡ ಪಟ್ಟೆಗಳು ಇದಕ್ಕೆ ಹಲವು ಪಟ್ಟು ಕೊಡುತ್ತವೆ. ಭೂಮಿಯು ಸಾಯುವುದಿಲ್ಲ, ಬಡವಾಗಿ ಬದುಕುತ್ತದೆ. ಅದರೊಡನೆ ಅದನ್ನು ನಂಬಿದವರೂ.

ಒಬ್ಬೊಬ್ಬ ರೈತನ ಕೈಯಲ್ಲಿರುವುದು ಇಷ್ಟು. ಉಳಿದುದು ಗ್ರಾಮದ ಮುಖಂಡರಿಗೆ ಸೇರಿದ ವಿಚಾರ. ಹೊಲವು ತನ್ನಷ್ಟಕ್ಕೆ ತಾನೇ ಎಂದೂ ಬಾಳಿದುದಿಲ್ಲ. ಗೋಮಾಳ, ಗುಂಡುತೋಪು, ಬೆಟ್ಟಗಳ ಸಾರವು ದನಗಳ ಹೊಟ್ಟೆಯ ಮೂಲಕವೂ, ಸೊಪ್ಪಿನ ಹೊರೆಯ ಮೂಲಕವೂ, ಹೊಲದಲ್ಲಿ ತರುಬಿದ ಕುರಿಮಂದೆಯ ಮೂಲಕವೂ ಅದಕ್ಕೆ ಇಳಿದುಬರುತ್ತಿದ್ದಿತು. ಉತ್ತರ ಕನ್ನಡದ ಘಟ್ಟದ ಮೇಲಣ ಸೀಮೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುತ್ತಿದ್ದುದು ಈ ಕಾರಣದಿಂದಲೇ. ಒಂದು ಎಕರೆಯ ಫಲವನ್ನು ಹತ್ತು ಎಕರೆಯ ಬಿಸಿಲೂ ಬೇರೂ ಪೋಷಿಸುತ್ತಿದ್ದುವು. ಆ ಬೆಟ್ಟವನ್ನು ಚಿಗುರುವುದಕ್ಕೆ ಬಿಡದೆ ಸವರಿದವರ ತೋಟವು ತಡವಾಗಿಯಾದರೂ ಬಾಡದೆ ಇರದು. ಮೈದಾನದಲ್ಲಿ ಗೋಮಾಳವನ್ನು ಹಂಚಿಕೊಂಡು ಉತ್ತವರಿಗೆ ಹೊಸ ಹೊಲ ಸಿಕ್ಕಿತು. ಹಳೆಯ ಹೊಲಗಳ ಗೊಬ್ಬರವು ಹೋಯಿತು.

ಬೋಳಾದ ಮೇಲ್ನೆಲದ ನಯವಾದ ಮಣ್ಣು ಮಳೆಯೊಡನೆ ಕೆರೆಗೆ ಇಳಿಯುವುದು. ಮರಳು ಕೆರೆಯ ಹಿನ್ನೀರಿನ ಕಡೆಯಲ್ಲಿಯೇ ನಿಂತು, ಜೇಡಿಯೂ ಸಾವಯವ ಪದಾರ್ಥವೂ ಏರಿಯ ಕಡೆಗೆ ಹೋಗಿ ಮಡುಗಟ್ಟುವುವು. ಅವುಗಳಿಗಂಟಿಕೊಂಡ ಸಾರಜನಕ ರಂಜಕಗಳೂ ಅಲ್ಲಿಯೇ ಕೂಡುವುವು. ಆದುದರಿಂದ ಕೆರೆಗೋಡು ತೆಗೆಸುವುದೆಂದರೆ ನೀರಿಗೆ ಸ್ಥಳ ಮಾಡುವುದು ಮಾತ್ರವಲ್ಲ, ಊರ ಹಳೆಯ ಬಾಕಿಯನ್ನು ವಸೂಲುಮಾಡುವುದೂ ಹೌದು. ಬೇಸಗೆಯಲ್ಲಿ ಕೆರೆಯು ಒಣಗಿದೊಡನೆ ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆದು, ಎಲ್ಲಿಂದ ಎಷ್ಟು ಆಳ ತೆಗೆಯಬೇಕೆಂದು ಗುರುತುಹಾಕಿಸಬೇಕು. ತೂಬಿನ ಬಳಿಯಲ್ಲಿಯೂ ಏರಿಯ ಬುಡದಲ್ಲಿಯೂ ಅಗೆಯಕೂಡದು. ಏರಿಯು ಸಡಿಲವಾಗುವ ಅಪಾಯವುಂಟು. ಗೋಡಿನ ಕೆಳಗಿರುವ ಗಟ್ಟಿ ಜೇಡಿಯ ತಳವನ್ನು ಒಡೆದರೆ ನೀರು ಇಂಗಿಹೋಗಿ ಕೆರೆಯು ನಿಲ್ಲದು. ಇಟ್ಟಿಗೆಗೂ ನಿವೇಶನಕ್ಕೂ ಮಣ್ಣು ಮಾರುವವರು ಸಾಮಾನ್ಯವಾಗಿ ಕೆಡಿಸುವುದು ಇದನ್ನೇ. ಗೋಡಿನ ಮಾದರಿಯನ್ನು ಮೂರು ನಾಲ್ಕು ಕಡೆಗಳಿಂದ ತೆಗೆದು ಮಣ್ಣು ಪರೀಕ್ಷೆಗೆ ಕಳುಹಿಸಿ, ಉಪ್ಪಿನಂಶ ಹೆಚ್ಚಿಲ್ಲವೆಂಬುದನ್ನು ತಿಳಿದುಕೊಳ್ಳಬೇಕು. ಪಟ್ಟಣದ ಕೊಳಚೆಯೋ ಕಾರ್ಖಾನೆಯ ನೀರೋ ಸೇರುವ ಕೆರೆಯ ಗೋಡನ್ನು ಹೊಲಕ್ಕೆ ಒಯ್ಯಲೇಬಾರದು. ಮರಳುಮಿಶ್ರಿತ ಕೆಂಪು ನೆಲಗಳಿಗೆ ಇದು ಅತ್ಯಂತ ಹಿತ. ಮೊದಲೇ ಜಿಗುಟಾದ ಎರೆಭೂಮಿಗೆ ಬೇಕಾಗಿಲ್ಲ. ಗಾಡಿಯಿಂದ ಇಳಿಸಿದ ಹೆಂಟೆಗಳನ್ನು ಬಿಸಿಲಿಗೆ ಬಿಟ್ಟು, ಮುಂಗಾರಿನ ಮೊದಲ ಮಳೆಗೆ ಅವು ಪುಡಿಯಾದ ಮೇಲೆ ಹರಡಿ, ಕೊಟ್ಟಿಗೆ ಗೊಬ್ಬರದೊಡನೆ ಸೇರಿಸಿ ಉಳುವುದು ಕ್ರಮ.